ಹೊಳೆಗೆ ಮೀನುಮರಿ ಬಿಡುವ ಮುನ್ನ



ಕಳೆದ ಬೇಸಿಗೆಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಏಳೆಂಟು ಮಂದಿ ಯುವಕರು ನಮ್ಮನ್ನು ಕಾಣಲು ಬಂದರು. ದುಡಿಮೆಗಾಗಿ ಗೋವಾಕ್ಕೆ ಬಂದು ನೆಲೆಸಿದ್ದರೂ ಊರಿನ ಹೊಲಗದ್ದೆಗಳ ನಂಟನ್ನು ಬಿಡದ ಕುಟುಂಬಗಳ ಮಕ್ಕಳು ಇವರು. ಖಾನಾಪುರದ ಕಡೆ ಇರುವ ತಮ್ಮ ಊರಿನ ಹಳ್ಳದಲ್ಲಿ ಅಜ್ಜನ ಕಾಲದಲ್ಲಿದ್ದಷ್ಟು ಮೀನು ಈಗಿಲ್ಲವೆಂಬ ಕೊರಗು ಅವರದು. ಅದಕ್ಕಾಗಿ ತಮ್ಮತಮ್ಮಲ್ಲೇ ಸ್ವಲ್ಪ ಹಣ ಕೂಡಿಸಿದ್ದರು. "ಮಳೆ ಬಿದ್ದ ಕೂಡಲೇ ಮೀನುಮರಿ ಕೊಂಡು ತಂದು ಹಳ್ಳಕ್ಕೆ ಬಿಡುತ್ತೇವೆ ಫಾದರ್, ನೀವು ಬಂದು ಆಶೀರ್ವದಿಸಬೇಕು" ಎಂದರು.

ಅವರ ಉತ್ಸಾಹ ಕಂಡು ನಮಗೆ ಸಂತೋಷವಾಯಿತು. ಆದರೂ "ಸ್ವಲ್ಪ ತಾಳಿರಿ" ಎಂದೆವು. ಅವರ ಮುಖ ಬಾಡಿತು. ಒಳ್ಳೆಯ ಕೆಲಸಕ್ಕೆ ಫಾದರ್ ಏಕೆ ಅಡ್ಡಿ ಹೇಳುತ್ತಾರೆ ಎಂದು ಅವರಿಗೆ ಅನ್ನಿಸಿರಬೇಕು. ಅಂದು ನಿಂತಲ್ಲೇ ವಿವರಿಸಲಾಗದ್ದನ್ನು ಈ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಸಬೇಕೆಂದು ಬಯಸುತ್ತೇವೆ. ಏಕೆಂದರೆ ಇದು ಒಂದು ಹಳ್ಳದ ಪ್ರಶ್ನೆಯಲ್ಲ. ಕೆಟ್ಟುಹೋದ ಹೊಳೆಗೆ ಮತ್ತೆ ಜೀವ ಬರಿಸುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತು ನೂರಾರು ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಆ ಹುಡುಕಾಟದಲ್ಲಿ ಎಡವಿದವರ ಅನುಭವ ನಮಗೆ ಬೆಲೆಬಾಳುವ ಪಾಠ.

ಸಾಲ್ಮನ್ ಮೀನಿನ ಪಾಠ

ಗೋವಾದ ಹೋಟೆಲುಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಬಡಿಸುವುದು ನಮ್ಮ ಕಡಲಿನ ರಾವಸ್ ಮೀನನ್ನು. ನಿಜವಾದ ಸಾಲ್ಮನ್ ಬೇರೆಯೇ. ಅದು ಯೂರೋಪು, ಉತ್ತರ ಅಮೆರಿಕ, ರಷ್ಯಾ, ಜಪಾನುಗಳ ತಣ್ಣನೆಯ ನದಿಗಳ ಮೀನು. ನದಿಯ ಜಲ್ಲಿಕಲ್ಲುಗಳ ನಡುವೆ ಹುಟ್ಟಿ, ಕಡಲಿಗೆ ಇಳಿದು, ಅಲ್ಲಿ ಬೆಳೆದು, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಮರಳುತ್ತದೆ. ಆ ಹೊಳೆಯ ನೀರಿನ ವಾಸನೆಯೇ ಅದಕ್ಕೆ ದಾರಿ ತೋರಿಸುತ್ತದೆ.

ಹೀಗೆ ತಲೆತಲಾಂತರದಿಂದ ಒಂದೇ ಹೊಳೆಗೆ ಬಂದು ಮರಿ ಮಾಡಿದ ಮೀನು ಆ ಹೊಳೆಗೇ ಒಗ್ಗಿಹೋಗಿರುತ್ತದೆ. ಯಾವ ತಿಂಗಳಲ್ಲಿ ಹತ್ತಬೇಕು, ಎಷ್ಟು ಎತ್ತರದ ಜಲಪಾತವನ್ನು ಹಾರಬೇಕು, ಎಂತಹ ನೀರಿನಲ್ಲಿ ಮೊಟ್ಟೆ ಇಡಬೇಕು ಎಂಬುದೆಲ್ಲ ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ರೈತರಾದ ನಿಮಗೆ ಇದು ಹೊಸ ಮಾತಲ್ಲ. ಗೋವಾದ ಖಾಜನ್ ಗದ್ದೆಗಳಲ್ಲಿ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಅದು ತಡೆದುಕೊಳ್ಳುತ್ತದೆ. ಸಿಹಿನೀರಿನ ಸೀಮೆಯ ಎಷ್ಟೇ ಹೆಸರುವಾಸಿ ತಳಿಯನ್ನು ಅಲ್ಲಿ ನೆಟ್ಟರೂ ಉಪ್ಪಿಗೆ ಸುಟ್ಟುಹೋಗುತ್ತದೆ. ತಳಿ ಒಳ್ಳೆಯದೇ ಇರಬಹುದು, ಆದರೆ ಆ ನೆಲಕ್ಕೆ ಅದು ಸಲ್ಲದು.

ಲಂಡನ್ ನಗರದ ಥೇಮ್ಸ್ ನದಿಯ ಕಥೆ ಕೇಳಿರಿ. ಕೊಳೆನೀರು ತುಂಬಿ ಆ ನದಿಯಿಂದ ಸಾಲ್ಮನ್ ಮಾಯವಾಗಿತ್ತು. ನದಿಯನ್ನು ಶುದ್ಧಗೊಳಿಸಿದ ಮೇಲೆ, 1833ರ ನಂತರ ಮೊದಲ ಬಾರಿಗೆ, 1974ರಲ್ಲಿ ಒಂದು ಸಾಲ್ಮನ್ ಅಲ್ಲಿ ಸಿಕ್ಕಿತು. ಅದರಿಂದ ಹುರುಪುಗೊಂಡ ಅಧಿಕಾರಿಗಳು 1979ರಿಂದ ಬೇರೆ ಕಡೆಯ ಮರಿಗಳನ್ನು ತಂದು ವರ್ಷವರ್ಷವೂ ನದಿಗೆ ಬಿಟ್ಟರು. 2011ರಲ್ಲಿ ಪ್ರಕಟವಾದ ಎಕ್ಸೆಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಥೇಮ್ಸ್‌ಗೆ ಬರುತ್ತಿದ್ದ ಸಾಲ್ಮನ್‌ಗಳ ವಂಶವಾಹಿ ಪರೀಕ್ಷಿಸಿತು. ಅವು ಹೊರಗಿನಿಂದ ತಂದು ಬಿಟ್ಟ ಮೀನುಗಳ ಸಂತತಿಯಾಗಿರಲಿಲ್ಲ. ಹೆಚ್ಚಿನವು ದಕ್ಷಿಣ ಇಂಗ್ಲೆಂಡಿನ ಅಕ್ಕಪಕ್ಕದ ನದಿಗಳಿಂದ ತಾವಾಗಿಯೇ ದಾರಿ ಹುಡುಕಿಕೊಂಡು ಬಂದವಾಗಿದ್ದವು. ಮೂವತ್ತು ವರ್ಷ ಸುರಿದ ಮರಿಗಳು ವಂಶ ಉಳಿಸಲಿಲ್ಲ. ನೀರು ಶುದ್ಧವಾದುದರಿಂದ ನೆರೆಹೊರೆಯ ಮೀನು ತಾನೇ ಬಂತು.

ತೊಟ್ಟಿಯಲ್ಲಿ ಬೆಳೆದ ಮೀನು ಹೊಳೆಯಲ್ಲಿ ಏಕೆ ಬಾಳುವುದಿಲ್ಲ? ಅಮೆರಿಕದ ಆರೆಗಾನ್ ರಾಜ್ಯದ ಹುಡ್ ನದಿಯಲ್ಲಿ ಸಾಲ್ಮನ್ ಕುಟುಂಬಕ್ಕೇ ಸೇರಿದ ಸ್ಟೀಲ್‌ಹೆಡ್ ಎಂಬ ಮೀನನ್ನು ಕುರಿತು ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮರಿಕೇಂದ್ರದಲ್ಲಿ ಕಳೆದ ಒಂದೊಂದು ತಲೆಮಾರಿಗೂ ಆ ಮೀನು ಹೊಳೆಯಲ್ಲಿ ಮರಿ ಮಾಡಿ ಉಳಿಸುವ ಶಕ್ತಿ ಸುಮಾರು ಶೇಕಡಾ 40ರಷ್ಟು ಕುಗ್ಗುತ್ತದೆಂದು ಅದರಿಂದ ತಿಳಿಯಿತು. ನಮ್ಮ ಜವಾರಿ ಕೋಳಿಯನ್ನೂ ಫಾರಂ ಕೋಳಿಯನ್ನೂ ಜ್ಞಾಪಿಸಿಕೊಳ್ಳಿ. ಜವಾರಿ ಕೋಳಿ ಹದ್ದಿನ ನೆರಳು ಕಂಡರೆ ಬೇಲಿಯೊಳಗೆ ನುಗ್ಗುತ್ತದೆ; ಫಾರಂ ಕೋಳಿ ಕಾಳು ಬಂತೆಂದು ತಲೆ ಎತ್ತಿ ನೋಡುತ್ತದೆ. ತೊಟ್ಟಿಯಲ್ಲಿ ಮೇಲಿನಿಂದ ಮೇವು ಬೀಳುತ್ತದೆ, ಹಗೆಗಳಿಲ್ಲ, ಪ್ರವಾಹವಿಲ್ಲ. ಅಲ್ಲಿ ಗೆಲ್ಲುವ ಗುಣವೇ ಹೊಳೆಯಲ್ಲಿ ಸೋಲುವ ಗುಣವಾಗುತ್ತದೆ. ಅಷ್ಟೇ ಅಲ್ಲ, ಹೀಗೆ ದುರ್ಬಲವಾದ ಮೀನು ಹೊಳೆಯ ಮೀನಿನೊಡನೆ ಕೂಡಿದಾಗ ಆ ದೌರ್ಬಲ್ಯ ಅದರ ಸಂತತಿಗೂ ಬರುತ್ತದೆ.

ಇನ್ನೊಂದು ದಾರಿಯೂ ಉಂಟು. ಅಮೆರಿಕದ ಎಲ್ವಾ ನದಿಯಲ್ಲಿ ಎರಡು ಅಣೆಕಟ್ಟುಗಳು ಸುಮಾರು ನೂರು ವರ್ಷ ಸಾಲ್ಮನ್‌ಗಳ ದಾರಿ ಕಟ್ಟಿದ್ದವು. 2011ರಿಂದ 2014ರೊಳಗೆ ಅವನ್ನು ಒಡೆದು ತೆಗೆದರು. ಮೇಲಿನ ಹೊಳೆಗಳಿಗೆ ಮೀನು ಮತ್ತೆ ಹತ್ತಿತು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಾಲ್ಮನ್‌ಗಳು ಆ ಅಣೆಕಟ್ಟುಗಳಿದ್ದ ಜಾಗವನ್ನು ದಾಟಿ ಮೇಲಕ್ಕೆ ಹೋದವು. ದಾರಿ ಬಿಟ್ಟುಕೊಟ್ಟರೆ ಮೀನಿಗೆ ದಾರಿ ಹೇಳಿಕೊಡಬೇಕಾಗಿಲ್ಲ.

ಕಾವೇರಿಯಲ್ಲಿ ನಡೆದದ್ದು

"ಇದೆಲ್ಲ ಪರದೇಶದ ಮಾತು, ನಮಗೇನು?" ಎನ್ನುವವರಿಗಾಗಿ ನಮ್ಮ ಕಾವೇರಿಯ ಕಥೆ ಹೇಳುತ್ತೇವೆ.

ನಮ್ಮ ನಾಡಿನ ನದಿಗಳಲ್ಲಿ ಸಾಲ್ಮನ್‌ನ ಸ್ಥಾನದಲ್ಲಿರುವ ಮೀನು ಮಹಶೀರ್. ಕನ್ನಡದಲ್ಲಿ ಬಿಳಿಮೀನು ಎಂದೂ ಕರೆಯುತ್ತಾರೆ. ದೇವಸ್ಥಾನದ ಮಡುಗಳಲ್ಲಿ ಇದೇ ದೇವರ ಮೀನು. ಇದು ಕಡಲಿಗೆ ಹೋಗುವುದಿಲ್ಲ. ಆದರೆ ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹತ್ತಿ, ತಿಳಿನೀರು ಹರಿಯುವ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆ ಇಡುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಬಹಳ ವರ್ಷ ಬದುಕುತ್ತದೆ.

ಕಾವೇರಿಯಲ್ಲಿ ಒಂದು ವಿಶೇಷ ಮಹಶೀರ್ ಇತ್ತು. ಬೆನ್ನು ಗೂನಾಗಿ ಎದ್ದಿರುವ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಭಾರಿ ಮೀನು. 1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಒಂದು ಮೂಟೆ ಸಿಮೆಂಟಿಗಿಂತಲೂ ಹೆಚ್ಚು! ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನ ಬೇರಾವ ನದಿಯಲ್ಲೂ ಈ ಮೀನಿಲ್ಲ.

ಸಿಡಿಮದ್ದು, ಅಣೆಕಟ್ಟುಗಳಿಂದ ಮಹಶೀರ್ ಕಡಿಮೆಯಾಗುವುದನ್ನು ಕಂಡು ಅದನ್ನು ಉಳಿಸಬೇಕೆಂಬ ಸದುದ್ದೇಶದಿಂದ ಒಂದು ಕೆಲಸ ನಡೆಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಕಂಪನಿಯವರು ಮಹಶೀರ್ ಮರಿ ಮಾಡಿಸುವ ಕೇಂದ್ರ ನಡೆಸುತ್ತಿದ್ದರು. ಮಹಶೀರ್ ಮೀನಿಗೆ ಕೃತಕವಾಗಿ ಮರಿ ಮಾಡಿಸುವುದರಲ್ಲಿ ಅವರದು ದೊಡ್ಡ ಸಾಧನೆಯೇ. ಅಲ್ಲಿಯ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ತಂದು ಬಿಡಲಾಯಿತು. ಅದು ನೀಲಿ ರೆಕ್ಕೆಯ ಮಹಶೀರ್. ಕೃಷ್ಣಾ ನದಿಯ ಸೀಮೆಯದು. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದರು. ಮಹಶೀರ್ ಎಂದರೆ ಮಹಶೀರ್ ತಾನೇ ಎಂದು ಆಗ ಎಲ್ಲರೂ ಭಾವಿಸಿದರು.

ಕಾವೇರಿ ದಡದ ಗಾಲಿಬೋರೆ ಶಿಬಿರದಲ್ಲಿ ಹವ್ಯಾಸಿಗಳು ಮೀನನ್ನು ಗಾಳದಿಂದ ಹಿಡಿದು, ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗೆ ಹೀಗೆ ದಾಖಲಾದ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋಗಿದ್ದವು; ಗೂನುಬೆನ್ನಿನವು ಕರಗುತ್ತಾ ಹೋಗಿದ್ದವು. ದಡದಲ್ಲಿ ನಿಂತು ನೋಡಿದವರಿಗೆ ನದಿಯಲ್ಲಿ ಮಹಶೀರ್ ತುಂಬಿತ್ತು. ಆದರೆ ಮನೆಯ ಮಗ ಹೋಗಿ ನೆಂಟ ಉಳಿದಂತಾಗಿತ್ತು.

ಇನ್ನೂ ಒಂದು ನೋವಿನ ಸಂಗತಿ ಇದೆ. ಜಗತ್ಪ್ರಸಿದ್ಧವಾದ ಈ ಗೂನುಬೆನ್ನಿನ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕಾವೇರಿಯ ಉಪನದಿಯಾದ ಕೇರಳದ ಪಾಂಬಾರ್‌ನಲ್ಲಿ ಸಿಕ್ಕ ಮೀನನ್ನು ನೋಡಿ 2007ರಲ್ಲಿ 'ಟಾರ್ ರೇಮಾದೇವಿ' ಎಂಬ ಹೆಸರಿಡಲಾಗಿತ್ತು. ಗೂನುಬೆನ್ನಿನ ಮಹಶೀರ್ ಕೂಡ ಅದೇ ಜಾತಿಯೆಂದು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ರೋಗಿಯ ಹೆಸರು ತಿಳಿಯುವ ಹೊತ್ತಿಗೆ ರೋಗಿ ಕೊನೆಯುಸಿರಿಗೆ ಬಂದಿದ್ದ!

ಹೊರಗಿನ ಮರಿಗಳೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಅಣೆಕಟ್ಟು, ಮರಳು ಎತ್ತುವುದು, ವಿಷ, ಸಿಡಿಮದ್ದು ಎಲ್ಲವೂ ಸೇರಿವೆ. ಆದರೆ ಕಾಯಿಲೆ ಇಷ್ಟಿದ್ದಾಗ ಔಷಧವೆಂದು ಕೊಟ್ಟದ್ದೂ ಕಾಯಿಲೆಗೇ ಬಲ ಕೊಟ್ಟಿತು. ಕೆಟ್ಟದ್ದು ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ನಮ್ಮ ಯುವಕರಂತೆಯೇ ಅವರದೂ ಒಳ್ಳೆಯ ಮನಸ್ಸೇ.

ಒಂದೇ ತಾಲ್ಲೂಕು, ಎರಡು ನದಿ

ಈಗ ಖಾನಾಪುರದ ಹಳ್ಳಕ್ಕೆ ಬರೋಣ. ಒಂದೇ ತಾಲ್ಲೂಕಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತಾಳೆ. ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತಾಳೆ. ಇವುಗಳ ನೀರಿನ ಹಂಚಿಕೆಯ ವಿವಾದ ನಿಮಗೆಲ್ಲ ಗೊತ್ತು. ಅದನ್ನು ಇಲ್ಲಿ ಎತ್ತುವುದಿಲ್ಲ. ನಾವು ಹೇಳುವುದಿಷ್ಟೇ: ಮಳೆ ಒಂದೇ, ಕಾಡು ಒಂದೇ, ಆದರೂ ನಡುವಿನ ಏಣು ದಾಟಲಾರದೆ ಎರಡು ಕಡೆಯ ಮೀನುಗಳು ಎಷ್ಟೋ ಸಾವಿರ ವರ್ಷಗಳಿಂದ ಬೇರೆಬೇರೆಯಾಗಿ ಬಾಳಿವೆ. ಹಾಗಿರುವಾಗ ಒಂದು ಕಡೆಯ ಮರಿಯನ್ನು ಇನ್ನೊಂದು ಕಡೆಗೆ ಒಯ್ಯುವುದೇ ಸರಿಯಲ್ಲ. ಎಲ್ಲಿಯದೋ ತೊಟ್ಟಿಯ, ಯಾವ ತಂದೆ ತಾಯಿಯದೆಂದು ತಿಳಿಯದ ಮರಿಯನ್ನು ಸುರಿಯುವುದು ಸರಿಯಾದೀತೇ?

ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಮೀಸೆಮೀನಿನ ವಿಷಯವೂ ನೆನಪಿರಲಿ. ಬೇಗ ಬೆಳೆಯುತ್ತದೆಂದು ತಂದದ್ದು. ಕಂಡ ಮೀನನ್ನೆಲ್ಲ ನುಂಗುತ್ತದೆ. ಸರ್ಕಾರ 2000ದಲ್ಲೇ ಅದರ ಸಾಕಣೆ ನಿಷೇಧಿಸಿದೆ. ಆದರೂ ಹೊಂಡಗಳಿಂದ ತಪ್ಪಿಸಿಕೊಂಡು ಎಷ್ಟೋ ಹೊಳೆಗಳಲ್ಲಿ ಬೇರೂರಿದೆ. ಮರಿ ಮಾರುವವರು ಕೊಡುವ ಚೀಲದಲ್ಲಿ ಯಾವ ಜಾತಿ ಬೆರೆತಿದೆ ಎಂದು ಗುರುತಿಸುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ.

ಹಿರಿಯರು ತೋರಿದ ದಾರಿ

ಹಾಗಾದರೆ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ತುಂಗಾ ನದಿಯ ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ದಕ್ಷಿಣ ಕನ್ನಡದ ಶಿಶಿಲಗಳಲ್ಲಿ ಮಹಶೀರ್‌ಗಳು ಹಿಂಡುಹಿಂಡಾಗಿ ಉಳಿದಿವೆ. ಅವು ಆ ಹೊಳೆಯವೇ ಆದ ಮೀನುಗಳು. ಹಿರಿಯರು ಅಲ್ಲಿ ಮಾಡಿದ್ದು ಒಂದೇ ಕೆಲಸ: ನದಿಯ ಒಂದು ಮಡುವಿನಲ್ಲಿ ಯಾರೂ ಮೀನು ಹಿಡಿಯಬಾರದೆಂದು ಕಟ್ಟುನಿಟ್ಟು ಮಾಡಿ, ತಲೆಮಾರುಗಳ ಕಾಲ ಅದನ್ನು ಪಾಲಿಸಿದರು. ಇಂತಹ ಕಾವಲು ಎಷ್ಟು ಸೂಕ್ಷ್ಮವೆಂಬುದಕ್ಕೂ ಶಿಶಿಲವೇ ಸಾಕ್ಷಿ. 1996ರಲ್ಲಿ ಯಾರೋ ದುಷ್ಟರು ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವುಗಳಿಗೊಂದು ಸ್ಮಾರಕ ಕಟ್ಟಿದರು, ಕಾವಲು ಮುಂದುವರಿಸಿದರು, ಮೀನು ಮತ್ತೆ ಹೆಚ್ಚಿತು.

ನಮ್ಮ ಊರುಗಳಲ್ಲಿ ನಾವು ಮಾಡಬಹುದಾದ ಕೆಲಸಗಳಿವು:

1. ವಿಷ ಮತ್ತು ಸಿಡಿಮದ್ದು ಪೂರ್ತಿ ನಿಲ್ಲಲಿ. ಬ್ಲೀಚಿಂಗ್ ಪೌಡರ್, ಕೀಟನಾಶಕ, ಕಾರೆಕಾಯಿ ಯಾವುದೂ ಬೇಡ. ಒಂದು ಊಟದ ಮೀನಿಗಾಗಿ ಹತ್ತು ವರ್ಷದ ಮರಿಗಳು ಸಾಯುತ್ತವೆ. 1897ರಷ್ಟು ಹಿಂದೆಯೇ ಇದನ್ನು ಕಾನೂನು ಅಪರಾಧವೆಂದು ಸಾರಿದೆ.

2. ಹತ್ತುಮೀನಿಗೆ ದಾರಿ ಬಿಡಿ. ಮೊದಲ ಮಳೆಗೆ ಹಳ್ಳ, ಕಾಲುವೆ, ಗದ್ದೆಗಳಿಗೆ ಹತ್ತಿ ಬರುವ ಮೀನು ಹೊಟ್ಟೆಯ ತುಂಬ ಮೊಟ್ಟೆ ಹೊತ್ತಿರುತ್ತದೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ ಇದೆ. ನಮ್ಮ ಹಳ್ಳಕ್ಕೂ ನಾವೇ ಒಂದು ರಜೆ ಕೊಡೋಣ. ಆಗದಿದ್ದರೆ ಹಳ್ಳದ ಅರ್ಧ ಅಗಲವನ್ನಾದರೂ ಬಲೆ, ಬೋನುಗಳಿಲ್ಲದೆ ಬಿಡೋಣ.

3. ಬೇಸಿಗೆಗೆ ಹಾಕಿದ ಒಡ್ಡಿನ ಹಲಗೆಗಳನ್ನು ಮಳೆಗೆ ಮುಂಚೆಯೇ ತೆಗೆಯಿರಿ. ಮೊದಲ ನೆರೆ ಹೋದ ಮೇಲೆ ತೆಗೆದರೆ ಹತ್ತುವ ಮೀನಿಗೆ ಪ್ರಯೋಜನವಿಲ್ಲ.

4. ಒಂದು ಮಡುವನ್ನು ಮೀಸಲಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳದ ಮೀನೆಲ್ಲ ಬಂದು ಸೇರುವುದು ಆಳದ ಮಡುಗಳಲ್ಲಿ. ಅಲ್ಲಿ ಪಂಪ್‌ಸೆಟ್ ಇಟ್ಟು ತಳ ಕಾಣುವವರೆಗೆ ನೀರೆತ್ತಿದರೆ ಮುಂದಿನ ವರ್ಷದ ಮೀನನ್ನೇ ಎತ್ತಿದಂತೆ.

5. ಮರಳು, ಜಲ್ಲಿ ಎತ್ತಬೇಡಿ. ದಡದ ಮರ ಕಡಿಯಬೇಡಿ. ಜಲ್ಲಿಯೇ ಮೊಟ್ಟೆಯ ತೊಟ್ಟಿಲು. ಹೊಂಗೆ, ಹೊಳೆಮತ್ತಿ, ನೇರಳೆ, ಬಿದಿರುಗಳ ನೆರಳಿನಿಂದ ನೀರು ತಂಪಾಗಿರುತ್ತದೆ, ನಿಮ್ಮ ಹೊಲದ ಮಣ್ಣೂ ಉಳಿಯುತ್ತದೆ.

6. ಕಾಟ್ಲಾ, ರೋಹು ಸಾಕುವವರು ಕೃಷಿಹೊಂಡದಲ್ಲಿ ಸಾಕಿರಿ. ಅದು ಒಳ್ಳೆಯ ಆದಾಯವೇ. ಆದರೆ ಹೊಂಡ ತುಂಬಿ ಹಳ್ಳಕ್ಕೆ ಹರಿಯದಂತೆ ಏರಿ ಎತ್ತರಿಸಿ, ತೂಬಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿ.

ಇದನ್ನೆಲ್ಲ ಮಾಡಿ ಹಲವು ವರ್ಷ ಕಾದರೂ ಯಾವುದಾದರೂ ಮೀನು ಮರಳಿ ಬಾರದಿದ್ದರೆ ಆಗ ಮರಿ ಬಿಡುವ ಮಾತು. ಅದನ್ನೂ ಮೀನುಗಾರಿಕೆ ಇಲಾಖೆಯ ಸಲಹೆ ಪಡೆದು, ಅದೇ ನದಿಯ ತಾಯಿಮೀನುಗಳಿಂದ ಪಡೆದ ಮರಿಗಳಿಂದಲೇ ಮಾಡಬೇಕು. ಭೀಮಗಡ 2011ರಿಂದ ಅಭಯಾರಣ್ಯ. ಅದರ ಗಡಿಯೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಏನನ್ನೂ ಹಿಡಿಯುವಂತಿಲ್ಲ, ಬಿಡುವಂತೆಯೂ ಇಲ್ಲ.

ಮೀನಿನ ಆರೋಗ್ಯ, ಮನೆಯ ಆರೋಗ್ಯ

ಹೊಳೆಯ ಮೀನು ಬರೀ ಸಾರಿಗಲ್ಲ. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮವರಿಗೆ ಮಲೇರಿಯಾ ಜ್ವರ ಎಷ್ಟು ಕಾಡಿದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸೊಳ್ಳೆಮರಿ ತಿನ್ನಲೆಂದು ಹಲವೆಡೆ ಗಂಬೂಸಿಯಾ, ಗಪ್ಪಿ ಎಂಬ ಹೊರದೇಶದ ಮೀನುಗಳನ್ನು ಬಾವಿ ಕೆರೆಗಳಿಗೆ ಬಿಡುವುದುಂಟು. ಗಂಬೂಸಿಯಾ ಸೊಳ್ಳೆಮರಿಯೊಡನೆ ಸ್ಥಳೀಯ ಮೀನಿನ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಆದರೆ ಗೋವಾದಲ್ಲೇ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಆಪ್ಲೋಕೈಲಸ್ ಬ್ಲಾಕಿ ಎಂಬ ಇಲ್ಲಿನದೇ ಪುಟ್ಟ ಮೀನನ್ನು ಬಾವಿ, ತೊಟ್ಟಿಗಳಲ್ಲಿ ಬಿಟ್ಟು ಪರೀಕ್ಷೆ ನಡೆಸಿದರು. ಅವರ ವರದಿ 1998ರಲ್ಲಿ ಪ್ರಕಟವಾಯಿತು. ಬೆರಳುದ್ದವೂ ಇಲ್ಲದ ಈ ಸ್ಥಳೀಯ ಮೀನು ಮಲೇರಿಯಾ ಹರಡುವ ಸೊಳ್ಳೆಗಳ ಮರಿಗಳನ್ನು ತಿಂದು ಸೊಳ್ಳೆ ತಡೆಯಲು ನೆರವಾಯಿತು. ಮನೆಯ ಮದ್ದು ಮನೆಯಂಗಳದಲ್ಲೇ ಇತ್ತು.

ಔಷಧಿ ಹೊಡೆಯುವ ಪಂಪನ್ನು ಹಳ್ಳದಲ್ಲಿ ತೊಳೆಯುವ ಅಭ್ಯಾಸವನ್ನು ಇಂದೇ ಬಿಡಿ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಆ ಊರುಗಳ ಮಕ್ಕಳಿಗೆ ತಂದಿತ್ತ ಸಂಕಟವನ್ನು ನಾವು ಮರೆಯುವಂತಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು. ಅಂತಹ ವಿಷ ನೀರಿಗೆ ಬಿದ್ದರೆ ಎಲ್ಲಕ್ಕಿಂತ ಮೊದಲು ಸಾಯುವುದು ಮೀನು. ಹಳ್ಳದಲ್ಲಿ ಸತ್ತ ಮೀನು ತೇಲಿದರೆ ಪುಕ್ಕಟೆ ಸಿಕ್ಕಿತೆಂದು ಆರಿಸಿ ತರಬೇಡಿ. ಆ ನೀರನ್ನು ದನಕ್ಕೂ ಕುಡಿಸಬೇಡಿ, ಮಕ್ಕಳನ್ನು ಇಳಿಸಬೇಡಿ, ಊರವರಿಗೆ ಕೂಡಲೇ ತಿಳಿಸಿರಿ.

ಯುವಕರ ತೀರ್ಮಾನ

ನಮ್ಮ ಯುವಕರು ಮತ್ತೊಮ್ಮೆ ಬಂದರು. ಕಾವೇರಿಯ ಕಥೆ ಕೇಳಿ ಒಬ್ಬನು, "ಹಾಗಾದರೆ ನಾವು ಬಿಡಬೇಕಾದದ್ದು ಮೀನುಮರಿಯಲ್ಲ, ಹಿಡಿಯುವುದನ್ನು" ಎಂದನು. ನಾವು ಇಷ್ಟು ಉದ್ದಕ್ಕೆ ಬರೆದುದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟನು!

ಕೂಡಿಸಿದ ಹಣದಲ್ಲಿ ಮರಿ ಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಿರಿಯರನ್ನು ಕೂಡಿಸಿ ಮಾತನಾಡಿದರು. ಹಳೆಯ ಒಡ್ಡಿನಲ್ಲಿ ಸಿಕ್ಕಿಕೊಂಡಿದ್ದ ಹಲಗೆಗಳನ್ನೂ ಪ್ಲಾಸ್ಟಿಕ್ ಕಸವನ್ನೂ ತೆಗೆಸಿದರು, ದಡಕ್ಕೆ ಹೊಂಗೆಯ ಸಸಿ ತಂದರು, ಒಂದು ಮಡುವಿಗೆ ಬಲೆ ಹಾಕದಿರುವಂತೆ ಒಪ್ಪಿಸಿದರು. ಎಲ್ಲರೂ ಒಪ್ಪಿದರೆಂದು ಹೇಳಲಾರೆವು. "ನಾವು ಬಿಟ್ಟರೆ ಕೆಳಗಿನ ಊರಿನವರು ಹಿಡಿಯುತ್ತಾರೆ" ಎಂದು ವಾದಿಸಿದವರೂ ಇದ್ದರು. ಆ ಮಾತಿನಲ್ಲೂ ಸತ್ಯವಿದೆ. ಆದ್ದರಿಂದ ಮುಂದಿನ ಸಲ ಕೆಳಗಿನ ಊರಿನವರನ್ನೂ ಮಾತಿಗೆ ಕರೆಯಬೇಕಾಗಿದೆ.

ಫಲ ಒಂದೇ ಮಳೆಗಾಲಕ್ಕೆ ಕಾಣದು. ತೆಂಗಿನ ಸಸಿ ನೆಟ್ಟವನು ಮರುವರ್ಷವೇ ಕಾಯಿ ಕೇಳುವುದಿಲ್ಲ. ಮಳೆ ಹಿಡಿದ ಮೊದಲ ರಾತ್ರಿ ಲಾಟೀನು ಹಿಡಿದು ಹಳ್ಳದ ದಡಕ್ಕೆ ಹೋಗಿರಿ, ಮಕ್ಕಳನ್ನೂ ಕರೆದೊಯ್ಯಿರಿ. ಆ ಒಂದು ರಾತ್ರಿ ಬಲೆ ಮನೆಯಲ್ಲೇ ಇರಲಿ. ನೀರಿಗೆ ಎದುರಾಗಿ ಹತ್ತುವ ಮೀನನ್ನು ಮಕ್ಕಳು ಕಣ್ತುಂಬ ನೋಡಲಿ. ಅದನ್ನು ಕಂಡ ಮಕ್ಕಳು ಮುಂದೆ ಆ ಹಳ್ಳಕ್ಕೆ ವಿಷ ಹಾಕಲಾರರು ಎಂಬುದು ನಮ್ಮ ನಂಬಿಕೆ.